ಬೇಯಿಸದ ಬೀಜ

ಜನವರಿ 9

ಅವ್ವಾ,

ಹೂ ಬಿಟ್ಟಿದೆ.

ಮೊದಲು ಇದನ್ನೇ ಬರೆದುಬಿಡುತ್ತೇನೆ. ಮುಂದಿನ ಸಾಲುಗಳಿಗೆ ಜೈಲಿನವರು ಮಸಿ ಬಳಿದರೂ ಇದೊಂದು ನಿನಗೆ ತಲುಪಲಿ. ಹಿತ್ತಿಲ ಗೇರುಮರ ಹೂ ಬಿಟ್ಟಿದೆ. ನೀನು ನೆಟ್ಟ ಮೇಲೆ ಇದೇ ಮೊದಲ ಸಲ. ಬಟ್ಟೆ ಒಗೆಯುವ ಕಲ್ಲಿನ ಕಡೆಗೆ ಚಾಚಿದ ಕೊಂಬೆ ಇದೆಯಲ್ಲ, ಕಡಿದುಹಾಕು ಕಡಿದುಹಾಕು ಅಂತ ನಾನು ನಿನ್ನ ತಲೆ ತಿನ್ನುತ್ತಿದ್ದೆನಲ್ಲ, ಅದರ ತುದಿಯಲ್ಲೇ. ನೋಡುವುದಕ್ಕೆ ಏನೂ ಇಲ್ಲ ಬಿಡು. ನುಚ್ಚಿನಷ್ಟು ಹೂ, ಮೇಲೆ ತಿಳಿಗುಲಾಬಿ ಗೆರೆ. ಆದರೆ ವಾಸನೆ! ಒಣಹಾಕಿದ ಬಟ್ಟೆಗೆಲ್ಲ ಹತ್ತಿಕೊಂಡಿದೆ. ನಿನ್ನೆ ಕಾರ್ಖಾನೆ ಬಿಟ್ಟಾಗ ಗೇಟಿನಲ್ಲಿ ತಪಾಸಣೆಯವಳು, ಅದೇ ನೀವೆಲ್ಲ 'ಜಡೆಬಿಚ್ಚಿ' ಅಂತ ಹೆಸರಿಟ್ಟವಳು, ನನ್ನ ಕೂದಲು ಕೆದರಿ ತಡಕುತ್ತಾ, "ಏನೇ, ಸೆಂಟು ಹಾಕ್ಕೊಂಡು ಸಿಪ್ಪೆ ಸುಲಿಯೋಕೆ ಬರ್ತೀಯಾ?" ಅಂದಳು. "ಹೂಂ, ನಿಮ್ಮ ಮೂಗಿಗೆ ಅಂತಲೇ" ಅಂದೆ. ನಿನ್ನ ನಾಲಿಗೆ ನನಗೂ ಬಂದಿದೆ ಅಂತಾರೆ ಎಲ್ಲರೂ. ನೀನು ಒಳಗೆ ಕೂತಿರುವುದು ಆ ನಾಲಿಗೆಯಿಂದಲೇ ಅಂತಲೂ ಅಂತಾರೆ.

ಪಕ್ಕದ ಮನೆ ಚಿಕ್ಕಿ ದಿನಾ ಬೆಳಿಗ್ಗೆ ಗೋಡೆ ಆಚೆಯಿಂದ ಕತ್ತು ಚಾಚಿ ಮರ ನೋಡುತ್ತಾಳೆ. ಮಾತಿಲ್ಲ. ನೋಡುವುದು, ಹೋಗುವುದು.

ಈಗ ಮುಖ್ಯವಾದದ್ದು. ವಕೀಲಮ್ಮ ಬಂದಿದ್ದರು. ಮಾಲೀಕರು ಕೇಸು ವಾಪಸು ತೆಗೆಯುತ್ತಾರಂತೆ. ನೀನು ಒಂದು ಕಾಗದಕ್ಕೆ ಸಹಿ ಹಾಕಬೇಕಂತೆ, ಅಷ್ಟೇ. ಹಾಕಿದ ವಾರದಲ್ಲೇ ಮನೆ. ಹೂವು ಕಾಯಾಗಿ ಹಣ್ಣಾಗುವುದಕ್ಕೆ ಇನ್ನೂ ಎರಡು ಮೂರು ತಿಂಗಳು ಬೇಕು. ಅಷ್ಟರಲ್ಲಿ ನೀನು ಈ ಕಲ್ಲಿನ ಮೇಲೆ ಕಾಲು ಚಾಚಿ ಕೂತು, ಬಿದ್ದ ಮೊದಲ ಬೀಜ ನಿನ್ನ ಕೈಯಿಂದಲೇ ಆರಿಸಬಹುದು.

ವರ್ಷ ಕಳೆದುಹೋಯಿತು. ಎರಡು ತಟ್ಟೆ ತೊಳೆಯುವ ಅಭ್ಯಾಸ ಕೈಗೆ ಇನ್ನೂ ಹೋಗಿಲ್ಲ. ಸಹಿ ಹಾಕು ಅವ್ವಾ.

ನಿನ್ನ ಮಗಳು


ಜನವರಿ 24

ಕಂದಾ,

ಹೂವಿನ ಸುದ್ದಿ ನಮ್ಮ ಬ್ಯಾರಕ್ಕಿಗೆಲ್ಲ ಗೊತ್ತಾಯಿತು. ನನ್ನ ಬಾಯಿ ನಿನಗೆ ಗೊತ್ತಲ್ಲ. ಕಾವಲಿನವಳಿಗೂ ಹೇಳಿದೆ. "ಇಷ್ಟಕ್ಕೆಲ್ಲಾ ಕುಣೀತೀಯಾ?" ಅಂದಳು. ಮನೆಯಲ್ಲಿ ಮಗಳು ದೊಡ್ಡವಳಾದಾಗಲೂ ಇಷ್ಟು ಕುಣಿದಿರಲಿಲ್ಲ ಅಂದೆ. ಸಿಟ್ಟು ಮಾಡಿಕೊಳ್ಳಬೇಡ, ತಮಾಷೆಗೆ ಅಂದದ್ದು.

ನನ್ನ ಪಕ್ಕದ ಚಾಪೆಯವಳು ಸೂಲಗಿತ್ತಿ. ಅವಳಿಗೆ ಆ ಮರದ ಕಥೆ ಹೇಳಿ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದೆ. ನೀನಾಗ ಸಣ್ಣವಳು, ಮರೆತಿರಬಹುದು. ನಾನು ಮೊದಲು ಹೂತದ್ದು ಕಾರ್ಖಾನೆಯ ಬೀಜ. ನಾಲಿಗೆ ಕೆಳಗೆ ಇಟ್ಟುಕೊಂಡು ಗೇಟು ದಾಟಿಸಿದ್ದೆ, ಚಿಪ್ಪಿನ ಸೊನೆಗೆ ಬಾಯೆಲ್ಲ ಬೊಬ್ಬೆ ಎದ್ದು ವಾರ ಗಂಜಿ ಕುಡಿದೆ. ಆ ಬೀಜ ಮಣ್ಣಿಗಿಟ್ಟು ನೀರು ಹೊಯ್ದದ್ದೇ ಹೊಯ್ದದ್ದು. ಒಂದು ಮಳೆಗಾಲ ಕಾದೆ, ಇನ್ನೊಂದು ಮಳೆಗಾಲ ಕಾದೆ. ಮಣ್ಣು ಸರಿಯಿಲ್ಲ ಅಂತ ಮಣ್ಣು ಬದಲಾಯಿಸಿದೆ. ಆಮೇಲೆ ಲಾರಿ ಡ್ರೈವರ್ ಒಬ್ಬ ಹೇಳಿದ: "ಅಕ್ಕಾ, ನಿಮ್ಮ ಕೈಗೆ ಬರೋದು ಬಾಯ್ಲರಲ್ಲಿ ಬೆಂದ ಬೀಜ. ಬೆಂದದ್ದು ಮೊಳೆಯುತ್ತಾ?" ಅರ್ಧ ಆಯುಷ್ಯ ಗೇರುಬೀಜ ಒಡೆದವಳು ನಾನು. ಬೇಯಿಸದ ಬೀಜ ಹೇಗಿರುತ್ತೆ ಅಂತಲೇ ನೋಡಿರಲಿಲ್ಲ! ಆ ಡ್ರೈವರೇ ಮುಂದಿನ ಸಲ ತೂತುಗೋಣಿಯಿಂದ ರಸ್ತೆಗೆ ಸುರಿದ ಹಸಿ ಬೀಜ ಒಂದನ್ನು ಎತ್ತಿಕೊಟ್ಟ. ಅದು ಈ ಮರ. ರಸ್ತೆಯಲ್ಲಿ ಬಿದ್ದದ್ದು ಯಾರಪ್ಪನ ಸೊತ್ತೂ ಅಲ್ಲ.

ಸೂಲಗಿತ್ತಿ ಕೇಳಿದಳು, "ಅಲ್ಲವ್ವಾ, ದಿನಾ ಅಷ್ಟು ಒಡೀತಿದ್ದವಳು ಒಂದಾದರೂ ತಿಂದಿಲ್ವಾ?" ಇಲ್ಲ ಅಂದೆ. ಅವಳು ನಂಬಲಿಲ್ಲ. ಸುಲಿಯುವ ಮನೆಯಲ್ಲಿ ಬಾಯಿ ಸುಮ್ಮನಿದ್ದರೆ ಬಾಯಲ್ಲಿ ಬೀಜ ಇದೆ ಅಂತ ಅರ್ಥ, ಅದಕ್ಕೇ "ಮಾತಾಡ್ರೇ, ಮಾತಾಡ್ತಾ ಇರ್ರೇ" ಅಂತ ಮೇನೇಜರ್ ಕೂಗುತ್ತಲೇ ಇರುತ್ತಾನೆ ಅಂತ ಹೇಳಿದೆ. ಮಾತಾಡುವುದನ್ನು ಕಲಿಸಿದವರು ಅವರೇ. ಮಾತಾಡಿದ್ದಕ್ಕೆ ಒಳಗೆ ಹಾಕಿಸಿದವರೂ ಅವರೇ. ಹಲ್ಲಿದ್ದವರಿಗೆ ಕಡಲೆಯಿಲ್ಲ ಅನ್ನುವ ಗಾದೆ ನಮಗಲ್ಲ. ನಮಗೆ ಹಲ್ಲೂ ಇತ್ತು, ಬೀಜವೂ ಇತ್ತು, ನಡುವೆ ಗೇಟೂ ಇತ್ತು.

ಆ ಕಾಗದ. ವಕೀಲಮ್ಮ ನನಗೆ ಓದಿ ಹೇಳಿದ್ದಾಳೆ. ನಿನಗೆ ಓದಿ ಹೇಳಿದ್ದಾಳೋ ಇಲ್ಲವೋ. "ಹೆಂಗಸರ ಕೈ ಸುಟ್ಟದ್ದು ಅವರವರ ಅಜಾಗರೂಕತೆಯಿಂದ, ಕಾರ್ಖಾನೆಗೂ ಅದಕ್ಕೂ ಸಂಬಂಧವಿಲ್ಲ" ಅಂತ ನಮ್ಮ ಕಾರ್ಮಿಕರ ಸಂಘದ ಪರವಾಗಿ ನಾನು ಬರೆದುಕೊಡಬೇಕು. ನಾವು ಕೇಳಿದ್ದು ಏನು? ಕೈಗವಸು. ಅರಮನೆ ಕೇಳಲಿಲ್ಲ. ಅದಕ್ಕೆ ನಾನು ಗೋದಾಮಿಗೆ ಬೆಂಕಿ ಇಟ್ಟೆ ಅಂತ ಒಂದು ಕೇಸು. ಅದೇ ಹೊತ್ತಿನಲ್ಲಿ ಗೇಟಿನ ಮುಂದೆ ನಿಂತು ಭಾಷಣ ಮಾಡಿದೆ ಅಂತ ಇನ್ನೊಂದು ಕೇಸು. ಎರಡನ್ನೂ ಒಬ್ಬನೇ ಪೊಲೀಸಿನವನು ಬರೆದದ್ದು. ಒಂದೇ ಹೊತ್ತಿಗೆ ಎರಡು ಕಡೆ ಇರುವುದಕ್ಕೆ ನಾನೇನು ದೇವರಾ?

▆▆▆▆▆▆▆▆▆▆▆▆▆▆▆▆▆▆

ಸಹಿ ಹಾಕುವುದಿಲ್ಲ. ಈ ಮಾತು ಮತ್ತೆ ಎತ್ತಬೇಡ.

ಹೂ ಬಿಟ್ಟಾಗ ಚಿಗುರಿಗೆ ಸೊಳ್ಳೆಯಂಥ ಹುಳ ಬರುತ್ತದೆ, ಕೂತಲ್ಲಿ ಕಪ್ಪು ಚುಕ್ಕೆ. ಬೆಳಿಗ್ಗೆ ಎದ್ದ ಕೂಡಲೇ ನೋಡು. ಕೆಂಪಿರುವೆ ಗೂಡು ಕಟ್ಟಿದರೆ ಓಡಿಸಬೇಡ, ಅವು ಹುಳ ತಿನ್ನುತ್ತವೆ. ಕಚ್ಚಿದರೆ ಕಚ್ಚಿಸಿಕೋ.

ನಿನ್ನ ಅವ್ವ


ಫೆಬ್ರವರಿ 16

ಅವ್ವಾ,

ಹುಳ ಬಂತು. ನೀನು ಹೇಳಿದ ಹಾಗೇ ಕಪ್ಪು ಚುಕ್ಕೆ, ಆಮೇಲೆ ಇಡೀ ಗೊಂಚಲೇ ಸುಟ್ಟ ಹಾಗೆ. ಬೂದಿ ಎರಚಿದೆ, ಬೇವಿನೆಣ್ಣೆ ಬಳಿದೆ. ಕೆಂಪಿರುವೆಗಳು ನನ್ನ ಮೇಲೆ ಮಾಡಿದಷ್ಟು ಯುದ್ಧ ಹುಳದ ಮೇಲೆ ಮಾಡಿದ್ದರೆ ಇಷ್ಟೊತ್ತಿಗೆ ಹುಳದ ವಂಶವೇ ನಿರ್ನಾಮವಾಗುತ್ತಿತ್ತು. ಒಗೆಯುವ ಕಲ್ಲಿನ ಕಡೆಯ ಕೊಂಬೆ ಮಾತ್ರ ಉಳಿದಿದೆ. ಅಲ್ಲಿ ಕಾಯಿ ಕಚ್ಚಿದೆ. ವಿಚಿತ್ರ ನೋಡು, ಮೊದಲು ಬೀಜ ಬರುತ್ತದೆ, ಹಣ್ಣು ಆಮೇಲೆ ಹಿಂದಿನಿಂದ ಉಬ್ಬುತ್ತದೆ. ಬೀಜ ಹಸಿರಾಗಿ, ಮಗುವಿನ ಕಿವಿಯ ಹಾಗೆ ನೇತಾಡುತ್ತಿದೆ.

ಸರಿ, ಮರದ ವರದಿ ಮುಗಿಯಿತು. ಈಗ ನನ್ನದು.

ನೀನು ಎರಡು ಹಾಳೆ ಮರದ ಬಗ್ಗೆ ಬರೆದೆ, ಅದರಲ್ಲೂ ಒಂದು ಸಾಲಿಗೆ ಮಸಿ ಬಳಿದಿದ್ದರು. ನನ್ನ ಬಗ್ಗೆ? "ಕಚ್ಚಿದರೆ ಕಚ್ಚಿಸಿಕೋ." ನಾನು ಊಟ ಮಾಡಿದೆನಾ ಅಂತ ಕೇಳಲಿಲ್ಲ. ಹೊಲಿಗೆ ತರಗತಿ ಬಿಟ್ಟು ನಿನ್ನ ಜಾಗದಲ್ಲೇ, ನಿನ್ನ ಮಣೆಯ ಮೇಲೇ ಕೂತು ಸಿಪ್ಪೆ ಸುಲಿಯುತ್ತಿದ್ದೇನೆ. ಆ ಮಣೆಯಲ್ಲಿ ನೀನು ಕೂತು ಕೂತು ಗುಳಿ ಬಿದ್ದಿದೆ. ನಾನು ಆ ಗುಳಿಯೊಳಗೆ ಕೂರುತ್ತೇನೆ. ನನಗದು ದೊಡ್ಡದಾಗುತ್ತದೆ.

ನಿನ್ನನ್ನು ನೋಡಲು ಬರಬೇಕೆಂದರೆ ಬಸ್ಸು, ರೈಲು, ಮತ್ತೆ ಬಸ್ಸು. ಎರಡು ದಿನ ರಜೆ. ಮೇನೇಜರ್ ಅರ್ಧ ದಿನವೂ ಕೊಡುವುದಿಲ್ಲ. "ನಿಮ್ಮವ್ವ ಎಲ್ಲಿಗೂ ಹೋಗಲ್ಲ ಬಿಡಮ್ಮಾ" ಅಂತಾನೆ, ಅಂದು ನಗುತ್ತಾನೆ. ಪಕ್ಕದಲ್ಲಿ ಕೂತವರು ನಗುವುದಿಲ್ಲ. ಹಾಗಂತ ಏನೂ ಅನ್ನುವುದೂ ಇಲ್ಲ. ನೀನು ಯಾರಿಗಾಗಿ ಒಳಗಿದ್ದೀಯೋ ಅವರೇ ಅವ್ವಾ! ಒಬ್ಬರಾದರೂ ಮನೆ ಬಾಗಿಲಿಗೆ ಬಂದು, ನಿನ್ನವ್ವ ಹೇಗಿದ್ದಾಳೆ ಅಂತ ಕೇಳಿದ್ದಾರಾ? ಚಿಕ್ಕಿಯೂ ಇಲ್ಲ. ಗೋಡೆ ಆಚೆ ನಿಂತು ಮರ ನೋಡುತ್ತಾಳೆ, ನನ್ನನ್ನಲ್ಲ. ಅವಳಿಗಾಗಿ ನೀನು ಕೈಗವಸು ಕೇಳಿದೆ. ಅವಳು ನಿನಗಾಗಿ ಬಾಯಿ ಬಿಡಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರಂತೆ. ಕೈ ನಿನ್ನದು ಸುಟ್ಟಿತು, ಮೊಸರು ಯಾರ ಬಾಯಿಗೆ ಹೋಯಿತು ಹೇಳು.

ಅವರ ಕೈ ಸುಟ್ಟದ್ದು ಅವರ ತಪ್ಪು ಅಂತ ಬರೆದುಕೊಟ್ಟರೆ ಏನಾಗುತ್ತದೆ? ಸುಟ್ಟ ಕೈ ಇನ್ನೊಂದು ಸಲ ಸುಡುತ್ತದಾ?

ಬೇಡ ಅಂದರೂ ಎತ್ತಿದೆ ಈ ಮಾತು. ಮತ್ತೆ ಎತ್ತುತ್ತೇನೆ.

ಮುಂಗೋಪಿ


ಮಾರ್ಚ್ 6

ಮುಂಗೋಪೀ,

ಊಟ ಮಾಡಿದೆಯಾ?

ಕೇಳಲಿಲ್ಲ, ನಿಜ. ಕೇಳಿದರೆ ನೀನು ಬರೆಯುತ್ತೀ. ನೀನು ಬರೆದರೆ ನಾನು ಓದಬೇಕು. ಇಲ್ಲಿ ಅಳುವುದಕ್ಕೆ ಜಾಗವಿಲ್ಲ. ಕಾರ್ಖಾನೆಯಲ್ಲಿ ಇಟ್ಟ 'ಬಾಯಿ' ಅನ್ನುವ ಹೆಸರೇ ಇಲ್ಲೂ ನನಗೆ. ನೀರಿನ ತೊಟ್ಟಿ ಹತ್ತಿರ ಅತ್ತರೆ ಇಡೀ ಬ್ಯಾರಕ್ಕು "ಬಾಯಿ ಅಳ್ತಿದಾಳೆ" ಅಂತ ನೋಡಲು ಬರುತ್ತದೆ. ಅದಕ್ಕೆ ಮರದ ವಿಷಯ ಬರೆಯುತ್ತೇನೆ. ಮರದ ವಿಷಯ ಬರೆದಾಗೆಲ್ಲ ನಿನ್ನ ವಿಷಯವೇ ಬರೆದೆ ಅಂತ ತಿಳಿದುಕೋ. ಅಷ್ಟು ಬುದ್ಧಿ ಇದೆ ನಿನಗೆ.

ಇಲ್ಲಿ ಬಂದ ಮೇಲೆ ನನ್ನ ಕೈ ಬೆಳ್ಳಗಾಗುತ್ತಿದೆ. ಸೊನೆಯ ಕರಿ ಒಂದೊಂದೇ ಪದರ ಹೋಗಿ ಅಂಗೈಯಲ್ಲಿ ಗೆರೆ ಕಾಣುತ್ತಿದೆ. ಸೂಲಗಿತ್ತಿ ಕೈ ನೋಡಿ, ಆಯುಷ್ಯ ಗಟ್ಟಿ ಅಂದಳು. ನಾನು ಬೇರೆಯವಳ ಕೈ ನೋಡಿದ ಹಾಗೆ ನೋಡಿಕೊಂಡೆ. ಈ ಕೈ ನಿನ್ನ ಕೆನ್ನೆ ಮುಟ್ಟಿದರೆ ಈಗ ತರಚುವುದಿಲ್ಲ. ಸಣ್ಣವಳಿದ್ದಾಗ "ಅವ್ವಾ, ಕೈ ಬೇಡ, ಸೆರಗಲ್ಲಿ ಒರೆಸು" ಅನ್ನುತ್ತಿದ್ದೆ.

▆▆▆▆▆▆▆▆▆▆

ಕಾಗದ ಓದುವ ಮೇಡಂ, ಹೋದ ಸಲ ಏನಕ್ಕೆ ಮಸಿ ಬಳಿದಿರಿ? ನಾನು ಬರೆದದ್ದು ಗೊಬ್ಬರ ಹಾಕುವ ವಿಷಯ. ಗೊಬ್ಬರದಿಂದ ಸರಕಾರ ಬೀಳುತ್ತದಾ?

ಮಗಳೇ, ಹಣ್ಣು ಕೆಂಪಾಯಿತು ಅಂತ ಕೀಳಬೇಡ. ತಾನಾಗಿ ಬೀಳಬೇಕು. ಬಿದ್ದದ್ದೇ ಬಲಿತದ್ದು. ಬಾವಲಿ ಬಂದು ಹಣ್ಣು ತಿಂದರೆ ತಿನ್ನಲಿ, ಬೀಜ ಅದಕ್ಕೆ ಬೇಡ, ಅಲ್ಲೇ ಬಿಸಾಡುತ್ತದೆ. ನಮ್ಮ ಮಾಲೀಕರಿಗಿಂತ ಮರ್ಯಾದಸ್ಥ ಪ್ರಾಣಿ.

ಚಿಕ್ಕಿಯನ್ನು ಬೈಯಬೇಡ.

ಅವ್ವ


ಏಪ್ರಿಲ್ 3

ಅವ್ವಾ,

ಎರಡು ಸುದ್ದಿ. ಒಳ್ಳೆಯದು ಮೊದಲು. ಹಣ್ಣು ಬೀಳುತ್ತಿವೆ. ಮೊದಲನೆಯದು ಬಿದ್ದ ಸದ್ದು ನನಗೇ ಕೇಳಿಸಿತು. ತಲೆ ಬಾಚುತ್ತಿದ್ದೆ, ಒಗೆಯುವ ಕಲ್ಲಿನ ಮೇಲೆ ಪಚಕ್ ಅಂತು. ಬಾಚಣಿಗೆ ತಲೆಯಲ್ಲೇ ಸಿಕ್ಕಿಸಿಕೊಂಡು ಓಡಿದೆ. ಹಣ್ಣು ಒಡೆದುಹೋಗಿತ್ತು, ಬೀಜ ಗಟ್ಟಿ, ಬೂದುಬಣ್ಣ, ಬಿಸಿಲಿಗೆ ಬೆಚ್ಚಗೆ. ಹಾಲಿನಪುಡಿ ಡಬ್ಬಿಯಲ್ಲಿ ಹಾಕಿಟ್ಟೆ. ದಿನಾ ನಾಲ್ಕು, ಐದು. ಡಬ್ಬಿ ಅಲ್ಲಾಡಿಸಿದರೆ ಸದ್ದು ದಿನದಿನಕ್ಕೂ ದಪ್ಪವಾಗುತ್ತಿದೆ. ನೀನು ಬರುವವರೆಗೆ ಒಂದೂ ಸುಡುವುದಿಲ್ಲ, ಒಂದೂ ತಿನ್ನುವುದಿಲ್ಲ ಅಂತ ಶಪಥ ಮಾಡಿದ್ದೇನೆ.

ಇನ್ನೊಂದು. ನನ್ನನ್ನು ಕೆಲಸದಿಂದ ತೆಗೆದರು.

ನಿನ್ನ ಸಾಲಿನವರು, "ಬಾಯಿಯ ಮರದ ಬೀಜ ಹೇಗಿದೆ, ತೋರಿಸೇ" ಅಂದರು. ಮೊದಲ ಸಲ ಯಾರೋ ನಿನ್ನ ಹೆಸರೆತ್ತಿದ್ದು ಅಂತ ನನಗೆ ಸಂಭ್ರಮ. ಒಂದು ಬೀಜ ಊಟದ ಡಬ್ಬಿಗೆ ಹಾಕಿಕೊಂಡು ಹೋದೆ. ಊಟದ ಹೊತ್ತಲ್ಲಿ ಕೈಯಿಂದ ಕೈಗೆ ದಾಟಿತು. ಮೂಸಿದರು, ಕಿವಿಗೆ ಹಿಡಿದರು, ಒಬ್ಬಳು ಕೆನ್ನೆಗೆ ಒತ್ತಿಕೊಂಡಳು. ಹಸಿ ಬೀಜ ನೋಡಿದ್ದು ಎಲ್ಲರಿಗೂ ಅದೇ ಮೊದಲು. ಮತ್ತೆ ಡಬ್ಬಿಗೆ ಹಾಕಿದೆ. ಸಾಯಂಕಾಲ ಗೇಟಿನಲ್ಲಿ ಜಡೆಬಿಚ್ಚಿ ಡಬ್ಬಿ ಬೋರಲು ಹಾಕಿದಳು, ಟಣ್ ಅಂತ ಬಿತ್ತು.

ಬಚ್ಚಿಡಬೇಕು ಅಂತ ನನಗೆ ಹೊಳೆಯಲೇ ಇಲ್ಲ ಅವ್ವಾ. ಕದ್ದದ್ದಾಗಿದ್ದರೆ ಬಚ್ಚಿಡುತ್ತಿದ್ದೆ. ನನ್ನದನ್ನು ಯಾಕೆ ಬಚ್ಚಿಡಲಿ?

ಮೇನೇಜರ್ ಬಂದ. "ತಾಯಿಯಂತೆ ಮಗಳು. ಅವಳು ಸುಟ್ಟಳು, ಇವಳು ಕದ್ದಳು" ಅಂದ. ನಮ್ಮ ಮರದ್ದು ಅಂದೆ. "ಗೇರುಬೀಜದ ಮೇಲೆ ನಿಮ್ಮಪ್ಪನ ಹೆಸರು ಬರೆದಿದೆಯಾ?" ಅಂದ. ಬಾಯ್ಲರ್ ಒಡೆದು ಸತ್ತ ಅಪ್ಪನ ಹೆಸರು ಅವನ ಬಾಯಲ್ಲಿ! ಕೈ ಎತ್ತುತ್ತಿದ್ದೆನೋ ಏನೋ, ಅಷ್ಟರಲ್ಲಿ ಹಿಂದಿನಿಂದ ಚಿಕ್ಕಿಯ ದನಿ. ವರ್ಷದಿಂದ ಕೇಳದ ದನಿ. "ಮಣ್ಣಿಗೆ ಹಾಕಿ ನೋಡಿ ಸಾರ್. ನಮ್ಮ ಕೈಗೆ ನೀವು ಕೊಡೋದು ಬೆಂದದ್ದು. ಇದು ಮೊಳೆತರೆ ಅವಳದು. ಹಸಿ ಬೀಜದ ಗೋದಾಮಿನ ಬೀಗದ ಕೈ ನಿಮ್ಮ ಸೊಂಟದಲ್ಲೇ ಇದೆ. ಮೊಳೆತ ಮೇಲೂ ಕದ್ದದ್ದು ಅಂದರೆ, ಕದ್ದೋರು ಯಾರು ಅಂತ ನೀವೇ ಹೇಳಬೇಕಾಗುತ್ತೆ."

ಯಾರೋ ಕಿಸಕ್ಕೆಂದರು. ಎರಡು ಡಬ್ಬಿಗೆ ಮಣ್ಣು ತುಂಬಿ ಗೇಟಿನ ಕಟ್ಟೆ ಮೇಲೆ ಇಟ್ಟಿದ್ದಾರೆ. ಒಂದರಲ್ಲಿ ನಮ್ಮದು, ಇನ್ನೊಂದರಲ್ಲಿ ಕಾರ್ಖಾನೆಯದು. ಜಡೆಬಿಚ್ಚಿಯೇ ನೀರು ಹಾಕುತ್ತಾಳಂತೆ. ನ್ಯಾಯ ಮೊಳೆಯುವವರೆಗೂ ನಾನು ಮನೆಯಲ್ಲಿ.

ಮನೆಯಲ್ಲಿ ಕೂತು ಏನು ಮಾಡಲಿ? ಹಣ್ಣು ಬೀಳುವುದನ್ನು ಕೇಳುತ್ತೇನೆ. ಅಕ್ಕಿ ಈ ತಿಂಗಳಿಗೆ ಆಗುತ್ತದೆ. ಚಿಂತೆ ಮಾಡಬೇಡ ಅಂತ ಬರೆಯಬೇಕು. ಚಿಂತೆ ಮಾಡು ಅವ್ವಾ. ಚಿಂತೆ ಮಾಡಿ ಬಂದುಬಿಡು.

ನಿನ್ನ ಮಗಳು


ಏಪ್ರಿಲ್ 12

ಕಂದಾ,

ನಿನ್ನ ಕಾಗದ ಓದಿದೆ. ಆ ದಿನ ಊಟದ ಗಂಟೆ ಹೊಡೆದದ್ದೂ ಕೇಳಲಿಲ್ಲ.

ನನ್ನನ್ನು ಒಳಗೆ ಹಾಕಿದರು, ತಡೆದುಕೊಂಡೆ. ಇಲ್ಲಿಯ ನೀರು, ಇಲ್ಲಿಯ ತಿಗಣೆ, ಇಲ್ಲಿಯ ಬೈಗುಳ ಎಲ್ಲ ತಡೆದುಕೊಂಡೆ. ಮಗಳು ಮನೆಯಲ್ಲಿದ್ದಾಳೆ, ದುಡಿಯುತ್ತಾಳೆ, ಉಣ್ಣುತ್ತಾಳೆ ಅಂತ ಧೈರ್ಯವಿತ್ತು. ಈಗ ಅದೂ ಹೋಯಿತು. ನನ್ನ ಹಟಕ್ಕೆ ನಿನ್ನ ತಟ್ಟೆ ಖಾಲಿಯಾದರೆ ಅದು ಹೋರಾಟವಲ್ಲ, ಕೊಬ್ಬು.

ಸಹಿ ಹಾಕುತ್ತೇನೆ.

ವಕೀಲಮ್ಮನಿಗೆ ಹೇಳಿ ಕಳಿಸಿದ್ದೇನೆ. ತಿಂಗಳ ಕೊನೆಗೆ ಕಾಗದ ತರುತ್ತಾಳೆ. ಬರೆಯಲಿ, ನಮ್ಮ ಅಜಾಗರೂಕತೆ ಅಂತ ಬರೆಯಲಿ. ನಮ್ಮ ಅಜಾಗರೂಕತೆಯೇ. ಇಂಥವರ ಕೈ ಕೆಳಗೆ ಹೋಗಿ ಕೂತದ್ದು ಇನ್ನೇನು ಮತ್ತೆ?

ನಿನ್ನ ಒಂದು ಮಾತು ನನ್ನನ್ನು ಬಿಡುತ್ತಿಲ್ಲ. ಡಬ್ಬಿ ಅಲ್ಲಾಡಿಸಿದರೆ ಸದ್ದು ದಪ್ಪವಾಗುತ್ತಿದೆ ಅಂದೆಯಲ್ಲ. ನನಗೆ ಇಲ್ಲಿಂದಲೇ ಕೇಳಿಸುತ್ತಿದೆ. ನಾನು ಬಂದು ಕಲ್ಲಿನ ಮೇಲೆ ಕೂರುತ್ತೇನೆ. ನೀನು ಹಳೇ ತಗಡಿನ ಮೇಲೆ ಬೀಜ ಸುಡು, ಸೊನೆ ಚಿಮ್ಮುತ್ತದೆ, ದೂರ ನಿಲ್ಲು. ಒಡೆಯುವುದು ನನಗೆ ಬಿಡು. ಒಂದೂ ಮುರಿಯದ ಹಾಗೆ ಇಡೀ ತಿರುಳು ತೆಗೆದು ನಿನ್ನ ಅಂಗೈ ಮೇಲೆ ಇಡುತ್ತೇನೆ. ಆ ಕೆಲಸ ನನಗೆ ಬರುತ್ತದೆ. ಬೇರೆ ಏನು ಬರುತ್ತದೆ ನನಗೆ? ಬೇರೆಯವರ ಬಾಯಿಗೆ ಒಡೆದದ್ದು ಸಾಕು.

ಸೂಲಗಿತ್ತಿಗೆ ಹೇಳಿದೆ. ಅವಳು "ಒಳ್ಳೇದಾಯ್ತು" ಅಂದಳು. ಅಂದು ಗೋಡೆ ಕಡೆ ತಿರುಗಿ ಮಲಗಿದಳು.

ಬರುತ್ತೇನೆ ಮಗಳೇ.

ನಿನ್ನ ಅವ್ವ


ಏಪ್ರಿಲ್ 25

ಅವ್ವಾ,

ಈ ಕಾಗದ ವಕೀಲಮ್ಮನಿಗಿಂತ ಮೊದಲು ನಿನ್ನ ಕೈ ಸೇರಬೇಕು. ಅಂಚೆ ಕಚೇರಿಯಲ್ಲೇ ನಿಂತು ಬರೆಯುತ್ತಿದ್ದೇನೆ.

"ಬರುತ್ತೇನೆ ಮಗಳೇ" ಅಂತ ನೀನು ಬರೆದ ಸಾಲು ಎಷ್ಟು ಸಲ ಓದಿದೆ ಅಂದರೆ, ಮಡಿಕೆಯಲ್ಲಿ ಕಾಗದ ಹರಿದಿದೆ. ಮನೆ ಸಾರಿಸಿದೆ. ನಿನ್ನ ಚಾಪೆ ಬಿಸಿಲಿಗೆ ಹಾಕಿದೆ. ಎರಡನೇ ತಟ್ಟೆ ಗೂಡಿನಿಂದ ಇಳಿಸಿದೆ.

ಆಮೇಲೆ ಹೀಗಾಯಿತು.

ಬೀಜ ಮೊಳೆಯಿತು. ಗೇಟಿನ ಕಟ್ಟೆ ಮೇಲೆ, ನಮ್ಮ ಡಬ್ಬಿಯಲ್ಲಿ. ಎರಡು ದಪ್ಪ ಬೇಳೆ ಬಾಯಿ ತೆರೆದ ಹಾಗೆ, ನಡುವೆ ಕೆಂಪು ಎಲೆ. ಕಾರ್ಖಾನೆಯ ಡಬ್ಬಿಯಲ್ಲಿ ಬೂಷ್ಟು. ಹೆಂಗಸರೆಲ್ಲ ನೋಡಿದರು. ಜಡೆಬಿಚ್ಚಿ ತಾನೇ ಹೆತ್ತ ಹಾಗೆ ಎಲ್ಲರಿಗೂ ಕರೆದು ಕರೆದು ತೋರಿಸಿದಳಂತೆ. ಮೇನೇಜರನೂ ನೋಡಿದ. "ಸರಿ, ಬೀಜ ಅವಳದೇ ಇರಬಹುದು. ಆದರೂ ಒಳಗೆ ತಂದದ್ದು ತಪ್ಪು. ಇವತ್ತಿನಿಂದ ಮನೆ ಬೀಜ ತಂದವರಿಗೆಲ್ಲ ಇದೇ ಗತಿ" ಅಂದು ಡಬ್ಬಿಯನ್ನು ಬೂಟಿನಿಂದ ಒದ್ದ. ನನಗೆ ಕೆಲಸವಿಲ್ಲ ಅಂದ.

ಆ ಸಂಜೆ ನಮ್ಮ ಮನೆ ಬಾಗಿಲಿಗೆ ಚಿಕ್ಕಿ ಬಂದಳು. ಗೋಡೆ ಆಚೆಯಿಂದಲ್ಲ, ಬಾಗಿಲಿಗೆ. ಹಿಂದೆ ನಿನ್ನ ಸಾಲಿನವರೆಲ್ಲ. ಒಳಗೆ ಜಾಗ ಸಾಲದೆ ಹಿತ್ತಿಲಲ್ಲಿ ಮರದ ಕೆಳಗೆ ಕೂತರು. "ಬೀಜದ ಡಬ್ಬಿ ತಗೊಂಡು ಬಾ" ಅಂದಳು ಚಿಕ್ಕಿ. ಅದು ಅವ್ವನಿಗೆ ಅಂದೆ. "ಗೊತ್ತು ಕಣೇ. ಅದಕ್ಕೇ ಕೇಳ್ತಿರೋದು."

ಕೊಡಲು ಮನಸ್ಸಿರಲಿಲ್ಲ. ಡಬ್ಬಿ ಎದೆಗವಚಿಕೊಂಡು ನಿಂತೆ. ನನಗೆ ನೀನು ಬೇಕಿತ್ತು, ಈ ಗುಂಪಲ್ಲ. ಅವರೂ ಎಳೆಯಲಿಲ್ಲ. ಕಾದು ಕೂತರು. ಕೊನೆಗೆ ಕೊಟ್ಟೆ.

ತಗಡಿನ ಮೇಲೆ ಸುಟ್ಟರು. ಸೊನೆ ಚಟಚಟ ಚಿಮ್ಮಿ ಬೆಂಕಿ ಎದ್ದಿತು. ಬೂದಿ ಹಾಕಿ ಆರಿಸಿದರು. ಕೂತು ಒಡೆದರು, ಒಂದೂ ಮುರಿಯದ ಹಾಗೆ. ಚಿಕ್ಕಿ ನನ್ನ ಎದುರಿಗೇ ಕೂತಿದ್ದಳು. ಅವಳ ಬಲಗೈ ನಾನು ಸರಿಯಾಗಿ ನೋಡಿದ್ದು ಆವತ್ತೇ. ಎರಡು ಬೆರಳು ಮಡಚುವುದಿಲ್ಲ ಅವ್ವಾ. ಕಪ್ಪು ಕಡ್ಡಿಯ ಹಾಗೆ ನೆಟ್ಟಗೆ ನಿಂತಿವೆ. ಬೀಜ ಹಿಡಿದಳು, ಜಾರಿತು. ಮತ್ತೆ ಹಿಡಿದಳು, ಜಾರಿತು. ಆಮೇಲೆ ಎಡಗೈಯಲ್ಲಿ ಹಿಡಿದು ಒಡೆದಳು. ನಾನು ನೋಡುತ್ತಿರುವುದು ಅವಳಿಗೆ ಗೊತ್ತಾಯಿತು. ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆ ಕಾಗದದ ವಿಷಯ ಅವಳಿಗೆ ಗೊತ್ತು. ನೀನು ಸಹಿ ಹಾಕುತ್ತೀ ಅಂತ ವಕೀಲಮ್ಮ ಎಲ್ಲರಿಗೂ ಹೇಳಿದ್ದಾರೆ. ಒಬ್ಬಳಾದರೂ "ಬೇಡ" ಅನ್ನಲಿಲ್ಲ. ನೀನು ಬರಲಿ ಅಂತಲೇ ಅವರಿಗೂ ಇದ್ದದ್ದು.

ಮಾರನೇ ದಿನ ಒಬ್ಬೊಬ್ಬರೂ ಒಂದೊಂದು ತಿರುಳು ಊಟದ ಡಬ್ಬಿಯಲ್ಲಿ ಒಳಗೆ ಒಯ್ದರು. ಹೋಗುವಾಗ ಯಾರು ತಡಕುತ್ತಾರೆ? ಸಂಜೆ ನಾನು ಗೇಟಿನ ಹೊರಗೆ ಸರಳು ಹಿಡಿದು ನಿಂತಿದ್ದೆ. ಜಡೆಬಿಚ್ಚಿ ಎಲ್ಲರ ಜಡೆ ಬಿಚ್ಚಿಸಿದಳು, ಸೆರಗು ಕೊಡವಿಸಿದಳು, ಡಬ್ಬಿ ಬೋರಲು ಹಾಕಿಸಿದಳು. ಏನೂ ಇಲ್ಲ. "ಬಾಯಿ ತೆರಿ" ಅಂದಳು. ಸಾಲಿನ ಮೊದಲಿಗೆ ಚಿಕ್ಕಿ.

ತೆರೆದಳು. ನಾಲಿಗೆ ಮೇಲೆ ತಿರುಳು. ಬೆಳ್ಳಗೆ, ಇಡಿಯದು.

ಅವಳ ಹಿಂದೆ ನಿಂತವರೂ ತೆರೆದರು. ಕರೆಯದೆಯೇ. ಅವರ ಹಿಂದಿನವರೂ. ಸಾಲುದ್ದಕ್ಕೂ ತೆರೆದ ಬಾಯಿ, ಒಂದೊಂದರಲ್ಲೂ ಒಂದೊಂದು. "ಉಗೀರಿ! ಉಗೀರಿ!" ಅಂತ ಮೇನೇಜರ್ ಕೂಗಿದ. ಚಿಕ್ಕಿ ಅವನ ಮುಖ ನೋಡುತ್ತಾ ಬಾಯಿ ಮುಚ್ಚಿದಳು. ಅಗಿದಳು. ಎಲ್ಲರೂ ಅಗಿದರು. ಯಾವಾಗಲೂ ಮಾತು ಮಾತು ಅನ್ನುವ ಆ ಅಂಗಳದಲ್ಲಿ ಒಂದು ಮಾತಿಲ್ಲ, ಬರೀ ಹಲ್ಲಿನ ಸದ್ದು. ಜಡೆಬಿಚ್ಚಿ ನಗು ತಡೆಯಲಾಗದೆ ಆ ಕಡೆ ತಿರುಗಿದಳು.

ಮರುದಿನ ಗೇಟು ಮುಚ್ಚಿದ್ದರು. ಯಾರೂ ಮನೆಗೆ ಹೋಗಲಿಲ್ಲ, ಅಲ್ಲೇ ಕೂತರು. ಬಾಯ್ಲರಿನಿಂದ ತೆಗೆದ ಬೀಜ ಹಾಗೇ ಬಿಟ್ಟರೆ ಕೆಡುತ್ತದೆ. ಮಧ್ಯಾಹ್ನದೊಳಗೆ ಮೇನೇಜರನೇ ಬಂದು ಗೇಟು ತೆಗೆದ. ನನಗೆ ಕೆಲಸ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಮನೆಗೊಂದು ಹಿಡಿ ಅಕ್ಕಿ ಅಂತ ತಂದು ಸುರಿದು ಹೋಗಿದ್ದಾರೆ. ಹೊಲಿಗೆ ಯಂತ್ರ ಯಾರದೋ ಮನೆಯಲ್ಲಿ ಸುಮ್ಮನೆ ಬಿದ್ದಿದೆಯಂತೆ, ಹೊತ್ತು ತರುತ್ತಾರಂತೆ. ನನ್ನ ತಟ್ಟೆ ಖಾಲಿಯಾಗುವುದಿಲ್ಲ. ಆ ನೆಪ ಹೇಳಬೇಡ.

ರುಚಿ ಹೇಗಿತ್ತು ಅಂತ ಚಿಕ್ಕಿಯನ್ನು ಕೇಳಿದೆ. "ಇಷ್ಟೇನಾ ಅನ್ನಿಸ್ತು ಕಣೇ" ಅಂದಳು. ಮನೆ ಮುಟ್ಟುವವರೆಗೂ ತುಟಿ ನೆಕ್ಕಿಕೊಳ್ಳುತ್ತಲೇ ಇದ್ದಳು.

ಡಬ್ಬಿ ಖಾಲಿ ಅವ್ವಾ. ನಿನಗೆ ಅಂತ ಇಟ್ಟದ್ದು ಒಂದೂ ಉಳಿದಿಲ್ಲ. ಮರದಲ್ಲೂ ಈ ಸಲದ್ದು ಮುಗಿಯಿತು.

ಆ ಕೈ ಅವಳ ತಪ್ಪಿನಿಂದ ಸುಟ್ಟದ್ದು ಅಂತ ನೀನು ಬರೆದುಕೊಟ್ಟು ಬಂದರೆ, ಗೋಡೆ ಆಚೆಯಿಂದ ಅವಳು ದಿನಾ ನಮ್ಮನ್ನು ನೋಡುತ್ತಾಳೆ. ಏನೂ ಅನ್ನುವುದಿಲ್ಲ. ಒಂದು ದಿನವೂ ಅನ್ನುವುದಿಲ್ಲ. ನಾವಿಬ್ಬರೂ ಆ ಕಲ್ಲಿನ ಮೇಲೆ ಹೇಗೆ ಕೂರುವುದು?

ಈ ಮಾತು ನಾನು ಬರೆಯುತ್ತಿದ್ದೇನೆ ಅಂತ ನನಗೇ ನಂಬಿಕೆ ಬರುತ್ತಿಲ್ಲ. ಸಾರಿಸಿದ ಮನೆ ಹಾಗೇ ಇದೆ. ಚಾಪೆ ಹಾಗೇ ಇದೆ.

ಬರಬೇಡ ಅವ್ವಾ.

ನಿನ್ನ ಮಗಳು


ಮೇ 6

ಕಂದಾ,

ನಿನ್ನ ಕಾಗದ ಬಂದಾಗ ವಕೀಲಮ್ಮ ನನ್ನೆದುರಿಗೇ ಕೂತಿದ್ದಳು. ಪೆನ್ನಿನ ಟೋಪಿ ತೆಗೆದು ನನ್ನ ಕಡೆ ಚಾಚಿದ್ದಳು. ಒಂದು ನಿಮಿಷ ಇರಮ್ಮಾ, ಮಗಳ ಕಾಗದ ಓದಿ ಹಾಕ್ತೀನಿ ಅಂದೆ. ನಾನು ಓದುವುದು ನಿಧಾನ, ನಿನಗೆ ಗೊತ್ತು. ಸಂಘದ ತರಗತಿಯಲ್ಲಿ ಕಲಿತ ಅಕ್ಷರ. ಅವಳು ಗಡಿಯಾರ ನೋಡಿಕೊಂಡಳು. ಕಾವಲಿನವಳು ಆಕಳಿಸಿದಳು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಭೇಟಿಯ ಹೊತ್ತೇ ಮುಗಿದಿತ್ತು. "ಏನು ಮಾಡ್ತೀರಿ?" ಅಂದಳು. ಆ ಕಾಗದ ಅವಳ ಕಡೆಗೇ ಸರಿಸಿದೆ. ಮುಂದಿನ ವಿಚಾರಣೆ ಯಾವಾಗಲೋ ಗೊತ್ತಿಲ್ಲ, ವರ್ಷವೂ ಆಗಬಹುದು ಅಂದಳು. ಆಗಲಿ ಅಂದೆ.

ಈ ಸಲ ನಿನ್ನ ಕಾಗದಕ್ಕೆ ಮಸಿ ಬಳಿದಿರಲಿಲ್ಲ. ಒಂದು ಚುಕ್ಕೆಯೂ ಇಲ್ಲ. ಓದುವ ಮೇಡಂ ಓದುತ್ತಾ ಕೂತಲ್ಲೇ ಕೂತುಬಿಟ್ಟಿದ್ದಳಂತೆ, ಕಾವಲಿನವಳು ಹೇಳಿದಳು.

ಸೂಲಗಿತ್ತಿಗೆ ಓದಿ ಹೇಳಿದೆ. ಬಾಯಿ ತೆರೆದ ಕಡೆ ಎರಡು ಸಲ ಓದಿಸಿದಳು. "ಹೆತ್ತ ತಾಯಿಗೆ ಬರಬೇಡ ಅಂತ ಬರೀತಾಳಲ್ಲವ್ವಾ, ಎಂಥಾ ಮಗಳು ನಿಂದು!" ಅಂದಳು. ಎಂಥವಳು ಅಂತ ನಾನೇ ಇವತ್ತು ನೋಡಿದೆ ಅಂದೆ. ಆಮೇಲೆ ನೀರಿನ ತೊಟ್ಟಿ ಹತ್ತಿರ ಹೋಗಿ ಅತ್ತೆ. ಎಲ್ಲರೂ ನೋಡಲು ಬಂದರು. ನೋಡಲಿ ಅಂತ ಬಿಟ್ಟೆ.

ಚಿಕ್ಕಿಯ ಬೆರಳಿಗೆ ಹರಳೆಣ್ಣೆ ಕಾಯಿಸಿ ದಿನಾ ನೀವಿಕೊಡು. ಬೇಡ ಅನ್ನುತ್ತಾಳೆ, ಕೈ ಎಳೆದುಕೊಳ್ಳುತ್ತಾಳೆ, ಬಿಡಬೇಡ. ಹೊಲಿಗೆ ಯಂತ್ರ ಬೆಳಕಿನ ಕಡೆ ಇಟ್ಟುಕೋ, ಕಣ್ಣು ಹಾಳು ಮಾಡಿಕೊಳ್ಳಬೇಡ. ನನ್ನ ತಟ್ಟೆ ಮತ್ತೆ ಗೂಡಿಗೆ ಎತ್ತಿಡು. ಎದುರಿಗಿದ್ದರೆ ನಿನಗೆ ಅನ್ನ ಇಳಿಯುವುದಿಲ್ಲ.

ಒಂದು ಮಾತು. ಇದನ್ನು ಚಿಕ್ಕಿಗೆ ಓದಿ ಹೇಳಬೇಡ, ಸಂಘದವರಿಗೂ ಬೇಡ. ನಿನಗೆ ಮಾತ್ರ. ನಿನ್ನ ಕಾಗದವನ್ನು ನಾನು ಅಷ್ಟು ನಿಧಾನ ಓದಿದ್ದು ಅಕ್ಷರ ಬರದೆ ಅಲ್ಲ. ಒಂದೊಂದು ಸಾಲಿನಲ್ಲೂ ಒಂದೇ ಶಬ್ದ ಹುಡುಕುತ್ತಿದ್ದೆ. ಕೈ ಪೆನ್ನಿನ ಪಕ್ಕದಲ್ಲೇ ಇತ್ತು.

ಬಾ ಅಂತ ಬರೆದಿದ್ದರೆ ಬಂದುಬಿಡುತ್ತಿದ್ದೆ.

ನಿನ್ನ ಅವ್ವ